ಸಂಧಿವಾತಕ್ಕೆ ಯಾವ ಚಿಕಿತ್ಸೆ? ಮನೆಯವರೆಲ್ಲ ಕೂತು ತೂಗಿ ನೋಡುವುದು ಹೇಗೆ

ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬರುವುದಿಲ್ಲ. ಕುಪ್ಪಸದ ಹುಕ್ ಹಾಕಲು ಆಗುವುದಿಲ್ಲ, ಹಿಂಡಿದ ಬಟ್ಟೆಯಲ್ಲಿ ಅರ್ಧ ನೀರು ಹಾಗೇ ಉಳಿಯುತ್ತದೆ. ರೊಟ್ಟಿ ತಟ್ಟಲು ಕೂತರೆ ಅಂಗೈ ನೆಟ್ಟಗೆ ನಿಲ್ಲುವುದಿಲ್ಲ. ಹತ್ತು ಗಂಟೆ ಹೊತ್ತಿಗೆ ಕೈ ಸ್ವಲ್ಪ ಸಡಿಲವಾಗುತ್ತದೆ. ಆಗ ಮನೆಯವರು "ವಾಯು ಆಗೇತಿ, ಎಣ್ಣಿ ಹಚ್ಚು" ಅಂತಾರೆ. ದಾವಣಗೆರೆ, ಜಗಳೂರು, ಹೊಳಲ್ಕೆರೆ ಕಡೆ ಎಷ್ಟೋ ಹೆಣ್ಣುಮಕ್ಕಳ ಕೀಲುಗಳು ಸೊಟ್ಟಗಾಗಿದ್ದು ಹೀಗೆ ಎಣ್ಣೆ ಹಚ್ಚುತ್ತಾ, ನೋವಿನ ಮಾತ್ರೆ ನುಂಗುತ್ತಾ ಕಳೆದ ದಿನಗಳಲ್ಲೇ. ಈ ಕಾಯಿಲೆಗೆ ಒಳ್ಳೆಯ ಔಷಧಗಳಿವೆ, ಅವುಗಳಲ್ಲಿ ಮುಖ್ಯವಾದವು ದುಬಾರಿಯೂ ಅಲ್ಲ. ಅದಕ್ಕೇ ಇದನ್ನು ನೋಡಿದಾಗ ಹೆಚ್ಚು ಸಂಕಟವಾಗುತ್ತದೆ.

ಸಂಧಿವಾತ ಅಂದರೆ ಇಲ್ಲಿ ರುಮಟಾಯ್ಡ್ ಆರ್ಥ್ರೈಟಿಸ್. ರೋಗಾಣುಗಳ ಮೇಲೆ ಹೋರಾಡಬೇಕಾದ ನಮ್ಮದೇ ರೋಗನಿರೋಧಕ ಶಕ್ತಿ ಕೀಲಿನ ಒಳಪೊರೆಯ ಮೇಲೆ ಬೀಳುತ್ತದೆ. ಪೊರೆ ಊದಿಕೊಂಡು ಮೆಲ್ಲಗೆ ಮೂಳೆಯನ್ನೇ ಕೊರೆಯುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಜಾಸ್ತಿ. ವಯಸ್ಸಾದವರ ಕಾಯಿಲೆ ಅಂದುಕೊಳ್ಳಬೇಡಿ, ಮೂವತ್ತು ನಲವತ್ತರಲ್ಲೇ ಶುರುವಾಗಬಹುದು.

ಹೆಜ್ಜೆ 1: ಇದು ಸಂಧಿವಾತ ಹೌದಾ ಅಂತ ಖಾತ್ರಿ ಮಾಡಿಕೊಳ್ಳಿ

ಮಂಡಿ ಸವೆತಕ್ಕೂ ಇದಕ್ಕೂ ವ್ಯತ್ಯಾಸವಿದೆ. ಸವೆತದ ನೋವು ಕೆಲಸ ಮಾಡಿದಂತೆ ಹೆಚ್ಚುತ್ತದೆ, ಕೂತರೆ ಕಡಿಮೆಯಾಗುತ್ತದೆ. ಸಂಧಿವಾತ ವಿಶ್ರಾಂತಿಯ ನಂತರವೇ ಜಾಸ್ತಿ ಕಾಡುತ್ತದೆ. ಬೆಳಗಿನ ಬಿಗಿತ ಅರ್ಧ ಗಂಟೆ, ಒಂದು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಇರುತ್ತದೆ. ಮುಷ್ಟಿ ಕಟ್ಟಿದಾಗ ಎದ್ದು ಕಾಣುವ ಗೆಣ್ಣುಗಳು, ಬೆರಳಿನ ನಡುವಿನ ಕೀಲು, ಮಣಿಕಟ್ಟು, ಪಾದದ ಮುಂಭಾಗ ಊದಿಕೊಳ್ಳುತ್ತವೆ. ಹೆಚ್ಚಾಗಿ ಎರಡೂ ಕೈ, ಎರಡೂ ಕಾಲಲ್ಲಿ ಒಟ್ಟಿಗೆ. ಯಾರಾದರೂ ಕೈ ಕುಲುಕಿದಾಗ ಗೆಣ್ಣುಗಳನ್ನು ಅಡ್ಡಡ್ಡ ಒತ್ತಿದಂತಾಗಿ ಜೀವ ಹೋದಂತಾದರೆ ತಡ ಮಾಡಬೇಡಿ.

ಡಾಕ್ಟರು ಸಾಮಾನ್ಯವಾಗಿ ಇಎಸ್‌ಆರ್, ಸಿಆರ್‌ಪಿ, ಆರ್‌ಎ ಫ್ಯಾಕ್ಟರ್, ಆಂಟಿ-ಸಿಸಿಪಿ ಎಂಬ ರಕ್ತ ಪರೀಕ್ಷೆ ಬರೆಯುತ್ತಾರೆ. ಮೊದಲೆರಡು ಮೈಯಲ್ಲಿ ಉರಿಯೂತ ಎಷ್ಟಿದೆ ಎಂದು ತೋರಿಸುತ್ತವೆ, ಉಳಿದೆರಡು ಈ ಕಾಯಿಲೆಯ ಸುಳಿವು ಹುಡುಕುತ್ತವೆ. ಇಲ್ಲೊಂದು ಎಚ್ಚರ ಬೇಕು. ಆರ್‌ಎ ಫ್ಯಾಕ್ಟರ್ ಪಾಸಿಟಿವ್ ಬಂದ ಮಾತ್ರಕ್ಕೆ ಸಂಧಿವಾತ ಇದೆ ಅಂತಲ್ಲ. ಬೇರೆ ಕಾಯಿಲೆಗಳಲ್ಲೂ, ಆರೋಗ್ಯವಾಗಿರುವ ಕೆಲವು ಹಿರಿಯರಲ್ಲೂ ಅದು ಪಾಸಿಟಿವ್ ಬರುತ್ತದೆ. ನೆಗೆಟಿವ್ ಬಂದರೆ ಕಾಯಿಲೆ ಇಲ್ಲ ಅಂತಲೂ ಅಲ್ಲ. ಹಾಗಾಗಿ ಲ್ಯಾಬಿನ ಚೀಟಿ ಒಂದನ್ನೇ ಹಿಡಿದು ಔಷಧ ಶುರು ಮಾಡಬಾರದು, ಕೈ ಮುಟ್ಟಿ, ಒತ್ತಿ ನೋಡಿದ ಡಾಕ್ಟರು ಹೇಳಬೇಕು. ಚಿಕುನ್‌ಗುನ್ಯಾ ಬಂದು ಹೋದವರಿಗೂ ತಿಂಗಳುಗಟ್ಟಲೆ ಇಂಥದ್ದೇ ಕೀಲುನೋವು ಇರುತ್ತದೆ. ಹಿಂದೆ ಜ್ವರ ಬಂದಿದ್ದರೆ ಅದನ್ನೂ ಹೇಳಿ.

ಈ ಕಾಯಿಲೆಯ ತಜ್ಞರಿಗೆ ರುಮಟಾಲಜಿಸ್ಟ್ ಅನ್ನುತ್ತಾರೆ. ಅವರ ಅಪಾಯಿಂಟ್‌ಮೆಂಟ್ ಸಿಗುವವರೆಗೆ ಸುಮ್ನೆ ಕೂರಬೇಡಿ. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಇಲ್ಲಿನ ಮೆಡಿಕಲ್ ಕಾಲೇಜು ಆಸ್ಪತ್ರೆಗಳು, ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆ, ಎಲ್ಲಾದರೂ ಸರಿ, ಫಿಜಿಷಿಯನ್ ಬಳಿ ಮೊದಲು ತೋರಿಸಿ. ಶುರುವಾದ ಮೊದಲ ಮೂರರಿಂದ ಆರು ತಿಂಗಳೊಳಗೆ ಸರಿಯಾದ ಮಾತ್ರೆ ಬಿದ್ದರೆ ಮುಂದಿನ ದಾರಿಯೇ ಬೇರೆ. ಕೊರೆದುಹೋದ ಮೂಳೆ ಮತ್ತೆ ಬೆಳೆದು ಮೊದಲಿನಂತೆ ಆಗುವುದಿಲ್ಲ.

ಹೆಜ್ಜೆ 2: ಕೈಯಲ್ಲಿರುವ ಮಾತ್ರೆಗಳನ್ನು ಎರಡು ಗುಂಪು ಮಾಡಿ

ಮನೆಯಲ್ಲಿರುವ ಸ್ಟ್ರಿಪ್‌ಗಳನ್ನೆಲ್ಲ ಟೇಬಲ್ ಮೇಲೆ ಹರಡಿ. ನೋವು ತಗ್ಗಿಸುವುದು ಯಾವುದು, ಕಾಯಿಲೆಯನ್ನೇ ತಡೆಯುವುದು ಯಾವುದು? ಡಾಕ್ಟರನ್ನೋ ಫಾರ್ಮಸಿಸ್ಟರನ್ನೋ ಕೇಳಿ ಬೇರೆ ಬೇರೆ ಮಾಡಿ.

ಡೈಕ್ಲೊಫೆನಾಕ್, ಐಬುಪ್ರೊಫೆನ್, ಎಟೊರಿಕಾಕ್ಸಿಬ್ ಮೊದಲ ಗುಂಪಿನವು. ನೋವು, ಊತ ಇಳಿಯುತ್ತದೆ, ಆದರೆ ಕೀಲು ಒಳಗೊಳಗೇ ಹಾಳಾಗುವುದು ನಿಲ್ಲುವುದಿಲ್ಲ. ವರ್ಷಗಟ್ಟಲೆ ನುಂಗಿದರೆ ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಬಿಪಿ ಏರುವ ಅಪಾಯ ಬೇರೆ.

ಸ್ಟೆರಾಯ್ಡ್ ನಡುವೆ ನಿಲ್ಲುತ್ತದೆ. ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ 1948ರಲ್ಲಿ ಮೊದಲ ಬಾರಿಗೆ ಸಂಧಿವಾತದ ರೋಗಿಗೆ ಕಾರ್ಟಿಸೋನ್ ಎಂಬ ಸ್ಟೆರಾಯ್ಡ್ ಕೊಟ್ಟರು. ಹಾಸಿಗೆ ಹಿಡಿದಿದ್ದವರು ಕೆಲವೇ ದಿನದಲ್ಲಿ ಎದ್ದು ಓಡಾಡಿದರು. 1950ರಲ್ಲಿ ಹೆಂಚ್ ಅವರಿಗೆ ನೊಬೆಲ್ ಕೂಡ ಬಂತು. ದೀರ್ಘಕಾಲ ಕೊಟ್ಟರೆ ಏನಾಗುತ್ತದೆ ಎಂಬುದು ಬಳಿಕ ಗೊತ್ತಾಯಿತು: ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ, ಸೋಂಕು ಬೇಗ ತಗಲುತ್ತದೆ. ಈಗ ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ಮಾತ್ರೆಯನ್ನು ಕಡಿಮೆ ಡೋಸ್‌ನಲ್ಲಿ, ಕೆಲವು ವಾರಗಳ ಮಟ್ಟಿಗೆ, ಮುಖ್ಯ ಮಾತ್ರೆ ಕೆಲಸ ಶುರು ಮಾಡುವವರೆಗೆ ಮಾತ್ರ ಕೊಡುವುದು ಸರಿಯಾದ ಪದ್ಧತಿ. ಇದನ್ನು ಶುರು ಮಾಡುವ ದಿನವೇ ಕೇಳಿ: "ಡಾಕ್ಟ್ರೇ, ಇದನ್ನ ಯಾವಾಗ ಇಳಿಸ್ತೀರಿ?" ಆದರೆ ಈಗಾಗಲೇ ತುಂಬ ದಿನದಿಂದ ತೆಗೆದುಕೊಳ್ಳುತ್ತಿದ್ದರೆ ದಿಢೀರ್ ಅಂತ ನೀವೇ ನಿಲ್ಲಿಸಬೇಡಿ, ಜೀವಕ್ಕೇ ಅಪಾಯ. ಡಾಕ್ಟರು ಹೇಳಿದಂತೆ ಹಂತ ಹಂತವಾಗಿ ಇಳಿಸಬೇಕು.

ಎರಡನೇ ಗುಂಪಿನವನ್ನು ಡಾಕ್ಟರುಗಳು ಡಿಮಾರ್ಡ್ ಅನ್ನುತ್ತಾರೆ. ಕಾಯಿಲೆಯ ಓಟಕ್ಕೆ ತಡೆ ಹಾಕುವುದು ಇವೇ. ನಿಮ್ಮ ಟೇಬಲ್ ಮೇಲೆ ಈ ಗುಂಪಿನದ್ದು ಒಂದೂ ಇಲ್ಲದಿದ್ದರೆ ನಿಮಗೆ ಇನ್ನೂ ಚಿಕಿತ್ಸೆ ಶುರುವಾಗಿಲ್ಲ ಎಂದೇ ಅರ್ಥ.

ಹೆಜ್ಜೆ 3: ಮೆಥೊಟ್ರೆಕ್ಸೇಟ್ ಬಗ್ಗೆ ಭಯ ಇದ್ದರೆ ಅದನ್ನು ಬಾಯಿ ಬಿಟ್ಟು ಕೇಳಿ

ಎರಡನೇ ಗುಂಪಿನಲ್ಲಿ ಹೆಚ್ಚಿನವರಿಗೆ ಮೊದಲು ಬರೆಯುವುದು ಮೆಥೊಟ್ರೆಕ್ಸೇಟ್. ಜನ ಹೆಚ್ಚು ಹೆದರುವುದೂ ಇದಕ್ಕೇ. ನಮ್ಮ ದೊಡ್ಡಮ್ಮನಿಗೆ ಇದನ್ನು ಬರೆದಾಗ ಮೆಡಿಕಲ್ ಶಾಪಿನಲ್ಲಿ ಯಾರೋ "ಅಜ್ಜಿ, ಇದು ಕ್ಯಾನ್ಸರ್ ಮಾತ್ರೆ ಅಲ್ವಾ?" ಅಂದುಬಿಟ್ಟರು. ದೊಡ್ಡಮ್ಮ ಸ್ಟ್ರಿಪ್ಪನ್ನು ದೇವರ ಮನೆಯ ಗೂಡಿನಲ್ಲಿಟ್ಟು ಮುಟ್ಟಲೇ ಇಲ್ಲ. ಮುಂದಿನ ಭೇಟಿಯಲ್ಲಿ ಡಾಕ್ಟರು ಬೈಯಲಿಲ್ಲ. "ಅಮ್ಮಾರೆ, ಈ ಮಾತ್ರೆ ತಗೊಂಡ್ರೆ ಏನಾಗುತ್ತೆ ಅಂತ ಎಲ್ರನ್ನೂ ಕೇಳಿದ್ರಿ. ತಗೊಳ್ಳದೇ ಇದ್ರೆ ಏನಾಗುತ್ತೆ ಅಂತ ಯಾರನ್ನಾದ್ರೂ ಕೇಳಿದ್ರಾ?" ಅಂದರು. ಆಮೇಲೆ ಎಕ್ಸ್‌ರೇ ಬೆಳಕಿಗೆ ಹಿಡಿದು ಮಣಿಕಟ್ಟಿನ ಹತ್ತಿರ ಮೂಳೆಯ ಅಂಚು ಎಲ್ಲಿ ಕೊರೆದಿದೆ ಎಂದು ತೋರಿಸಿದರು. ಚಿಕಿತ್ಸೆ ತೂಗುವಾಗ ನಾವು ಬಿಟ್ಟುಬಿಡುವುದು ಈ ಎರಡನೇ ಪ್ರಶ್ನೆಯನ್ನೇ.

ಕ್ಯಾನ್ಸರಿಗೆ ಮೆಥೊಟ್ರೆಕ್ಸೇಟ್ ಕೊಡುವುದು ನಿಜ. ಕೆಲವು ಕ್ಯಾನ್ಸರ್‌ಗಳಿಗೆ ಒಂದೇ ಸಲಕ್ಕೆ ಗ್ರಾಂ ಲೆಕ್ಕದಲ್ಲಿ ಕೊಡುತ್ತಾರೆ. ಸಂಧಿವಾತಕ್ಕೆ ಕೊಡುವುದು ವಾರಕ್ಕೆ 7.5ರಿಂದ 25 ಮಿಲಿಗ್ರಾಂ. ಈ ಪ್ರಮಾಣದಲ್ಲಿ ಅದು ರೋಗನಿರೋಧಕ ಶಕ್ತಿಯ ಅಬ್ಬರ ತಗ್ಗಿಸುತ್ತದೆ, ಅಷ್ಟೇ. ಅಮೆರಿಕದಲ್ಲಿ ಸಂಧಿವಾತಕ್ಕೆ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 1988ರಲ್ಲಿ. ಅಂದರೆ ದಶಕಗಳ ಅನುಭವ ಇದರ ಬೆನ್ನಿಗಿದೆ. ಅಡ್ಡಪರಿಣಾಮ ತಗ್ಗಿಸಲು ಜೊತೆಗೆ ಕೊಡುವ ಫೋಲಿಕ್ ಆಸಿಡ್ ಎಂಬ ವಿಟಮಿನ್ ಮಾತ್ರೆಯ ಹಿಂದೆ ನಮ್ಮ ಪಕ್ಕದ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಇದ್ದಾರೆ. ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಅವರ ತಂಡ 1940ರ ದಶಕದಲ್ಲಿ ಫೋಲಿಕ್ ಆಸಿಡ್ ತಯಾರಿಸಿತು. ಅದರ ಕೆಲಸಕ್ಕೆ ಅಡ್ಡ ನಿಲ್ಲುವ, ಮೆಥೊಟ್ರೆಕ್ಸೇಟ್ ಜಾತಿಯ ಔಷಧಗಳೂ ಅಲ್ಲಿಂದಲೇ ಬಂದವು.

ಬೆಲೆಯೂ ಕಡಿಮೆ. ಒಂದು ವಾರದ ಮಾತ್ರೆಗೆ ಸಾಮಾನ್ಯವಾಗಿ ನಮ್ಮೂರ ಬೆಣ್ಣೆ ದೋಸೆಯಷ್ಟೂ ಖರ್ಚಾಗುವುದಿಲ್ಲ.

ಇಲ್ಲಿ ಒಂದು ಮಾತನ್ನು ಮನೆಯವರೆಲ್ಲ ನೆನಪಿಟ್ಟುಕೊಳ್ಳಲೇಬೇಕು. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದು ದಿನ ಮಾತ್ರ. ಬಿಪಿ, ಶುಗರ್ ಮಾತ್ರೆಯ ಹಾಗೆ ದಿನಾ ನುಂಗಿದರೆ ಬಾಯೆಲ್ಲ ಹುಣ್ಣಾಗಿ, ರಕ್ತಕಣ ಕುಸಿದು ಪ್ರಾಣಕ್ಕೇ ಬರುತ್ತದೆ. ವಾರದ ಯಾವ ದಿನ ಎಂದು ಡಾಕ್ಟರಿಂದ ಚೀಟಿಯಲ್ಲೇ ಬರೆಸಿಕೊಳ್ಳಿ. ದೊಡ್ಡಮ್ಮ ಸೋಮವಾರ ಆರಿಸಿಕೊಂಡರು, ಅವತ್ತು ಈಶ್ವರನ ಪೂಜೆ ತಪ್ಪುವುದಿಲ್ಲ, ಮಾತ್ರೆಯೂ ಮರೆಯುವುದಿಲ್ಲ. ಫೋಲಿಕ್ ಆಸಿಡ್ ಬೇರೆ ದಿನ. ಸ್ಟ್ರಿಪ್ ಮೇಲೆ ಮಾರ್ಕರ್‌ನಿಂದ ದೊಡ್ಡದಾಗಿ ವಾರದ ಹೆಸರು ಬರೆದಿಡಿ. ಓದಲು ಬಾರದವರಿದ್ದರೆ ಮಾತ್ರೆಯ ಜವಾಬ್ದಾರಿ ಮನೆಯಲ್ಲಿ ಒಬ್ಬರಿಗೇ ಇರಲಿ.

ಶುರು ಮಾಡುವ ಮುಂಚೆ ರಕ್ತಕಣ, ಲಿವರ್, ಕಿಡ್ನಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ, ಎದೆಯ ಎಕ್ಸ್‌ರೇ ಆಗಬೇಕು. ಮೊದಲ ಮೂರು ತಿಂಗಳು ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. "ಎಲ್ಲ ಆರಾಮೈತಿ, ಮತ್ಯಾಕೆ ರಕ್ತ" ಅಂತ ಇದನ್ನು ಬಿಡಬೇಡಿ. ತೊಂದರೆ ಇದ್ದರೆ ಮೈಗೆ ಗೊತ್ತಾಗುವ ಮೊದಲೇ ರಿಪೋರ್ಟಿನಲ್ಲಿ ಕಾಣುತ್ತದೆ. ಕುಡಿತ ಇದ್ದರೆ ಮುಚ್ಚಿಡದೆ ಹೇಳಿ, ಎರಡೂ ಸೇರಿದರೆ ಲಿವರ್ ತಡೆಯುವುದಿಲ್ಲ. ಬೇರೆ ಡಾಕ್ಟರ ಬಳಿ ಹೋದಾಗಲೂ ಈ ಮಾತ್ರೆಯ ಹೆಸರು ಹೇಳಿ. ಉರಿಮೂತ್ರಕ್ಕೆ ಕೊಡುವ ಕೋಟ್ರೈಮಾಕ್ಸಜೋಲ್‌ನಂಥ ಔಷಧ ಇದರ ಜೊತೆ ಸೇರಿದರೆ ಅಪಾಯ. ಜ್ವರ, ಬಾಯಿಹುಣ್ಣು, ಒಣ ಕೆಮ್ಮು, ಏದುಸಿರು ಬಂದರೆ ಮುಂದಿನ ಡೋಸ್ ನುಂಗುವ ಮೊದಲು ಡಾಕ್ಟರಿಗೆ ತೋರಿಸಿ.

ಹೆಜ್ಜೆ 4: ಮಗುವಿನ ಯೋಚನೆ ಇದ್ದರೆ ಮೊದಲೇ ಹೇಳಿ

ಮದುವೆ ಗೊತ್ತಾದ ಹುಡುಗಿ, ಮಗು ಬೇಕೆನ್ನುವ ಸೊಸೆ, ಇಂಥವರಿಗೆ ಲೆಕ್ಕವೇ ಬೇರೆ. ಮೆಥೊಟ್ರೆಕ್ಸೇಟ್ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡುತ್ತದೆ. ಅದನ್ನು ತಿಂಗಳುಗಳ ಮೊದಲೇ ಡಾಕ್ಟರ ಸಲಹೆಯಂತೆ ನಿಲ್ಲಿಸಬೇಕು. ಡಿಮಾರ್ಡ್ ಗುಂಪಿನದ್ದೇ ಆದ ಲೆಫ್ಲುನೊಮೈಡ್ ಇನ್ನೂ ಕಷ್ಟ, ಅದು ದೇಹದಲ್ಲಿ ಬಹಳ ಕಾಲ ಉಳಿಯುತ್ತದೆ, ಹೊರಹಾಕಲು ಬೇರೆ ಔಷಧವೇ ಬೇಕು. ಅದೇ ಗುಂಪಿನ ಹೈಡ್ರಾಕ್ಸಿಕ್ಲೋರೊಕ್ವಿನ್ ಮತ್ತು ಸಲ್ಫಾಸಲಜಿನ್ ಬಸಿರಿನಲ್ಲೂ ಮುಂದುವರಿಸಬಹುದಾದವು. ಹೈಡ್ರಾಕ್ಸಿಕ್ಲೋರೊಕ್ವಿನ್ ತೆಗೆದುಕೊಳ್ಳುವವರು ಶುರುವಿನಲ್ಲಿ ಒಮ್ಮೆ ಕಣ್ಣು ತೋರಿಸಬೇಕು, ಐದು ವರ್ಷದ ನಂತರ ಪ್ರತಿ ವರ್ಷ. ಸಲ್ಫಾ ಅಲರ್ಜಿ ಇದ್ದವರಿಗೆ ಸಲ್ಫಾಸಲಜಿನ್ ಬೇಡ.

ಇದನ್ನು ಅತ್ತೆ ಮಾವನ ಎದುರು ಹೇಳಲು ಮುಜುಗರವಾದರೆ ಒಬ್ಬರೇ ಒಳಗೆ ಹೋಗಿ ಡಾಕ್ಟರ ಜೊತೆ ಮಾತಾಡಿ. ನಾಚಿಕೆಗೆ ಸುಮ್ಮನಿದ್ದು ಮಾತ್ರೆ ಮುಂದುವರಿಸುವುದು ತುಂಬಾ ದೊಡ್ಡ ಅಪಾಯ.

ಹೆಜ್ಜೆ 5: ಮೂರು ತಿಂಗಳಿಗೆ ಲೆಕ್ಕ ನೋಡಿ

ಡಿಮಾರ್ಡ್ ಕೆಲಸ ತೋರಿಸಲು ಆರರಿಂದ ಹನ್ನೆರಡು ವಾರ ಬೇಕು. ಹದಿನೈದು ದಿನಕ್ಕೆ "ಈ ಡಾಕ್ಟ್ರ ಔಷಧಿ ಹಿಡಿಲಿಲ್ಲ" ಅಂತ ಆಸ್ಪತ್ರೆ ಬದಲಿಸಬೇಡಿ. ಒಂದು ನೋಟ್‌ಬುಕ್ ಇಡಿ. ಬೆಳಗಿನ ಬಿಗಿತ ಎಷ್ಟು ಹೊತ್ತು, ಯಾವ ಕೀಲು ಊದಿದೆ, ನೋವಿನ ಮಾತ್ರೆ ಎಷ್ಟು ಬೇಕಾಯಿತು, ಬಿಂದಿಗೆ ಎತ್ತಲು ಆಯಿತಾ ಇಲ್ಲವಾ, ಇಷ್ಟು ಬರೆದರೆ ಸಾಕು. ಡಾಕ್ಟರು 28 ಕೀಲುಗಳನ್ನು ಒತ್ತಿ ನೋಡಿ ಅಂಕ ಹಾಕುವ ಒಂದು ವಿಧಾನವಿದೆ. "ನನ್ನ ಸ್ಕೋರ್ ಎಷ್ಟಿತ್ತು, ಈಗೆಷ್ಟು?" ಎಂದು ಧೈರ್ಯವಾಗಿ ಕೇಳಿ. ಮೂರು ತಿಂಗಳಲ್ಲಿ ಸುಧಾರಣೆ ಕಾಣದಿದ್ದರೆ ಅಥವಾ ಆರು ತಿಂಗಳಲ್ಲಿ ಕಾಯಿಲೆ ಹತೋಟಿಗೆ ಬರದಿದ್ದರೆ ಚಿಕಿತ್ಸೆ ಬದಲಾಗಬೇಕು. ಅದೇ ಚೀಟಿಯನ್ನು ವರ್ಷಗಟ್ಟಲೆ ರಿಪೀಟ್ ಮಾಡಿಸುವುದಲ್ಲ.

ಬದಲಿಸುವುದು ಅಂದರೆ ತಕ್ಷಣ ದುಬಾರಿ ಇಂಜೆಕ್ಷನ್ ಅಂತಲ್ಲ. ಮೆಥೊಟ್ರೆಕ್ಸೇಟ್ ಡೋಸ್ ಏರಿಸಬಹುದು, ಮಾತ್ರೆಯ ಬದಲು ಚರ್ಮದ ಕೆಳಗೆ ಚುಚ್ಚುವ ಇಂಜೆಕ್ಷನ್ ಕೊಡಬಹುದು. ಅಥವಾ ಮೆಥೊಟ್ರೆಕ್ಸೇಟ್, ಸಲ್ಫಾಸಲಜಿನ್, ಹೈಡ್ರಾಕ್ಸಿಕ್ಲೋರೊಕ್ವಿನ್ ಮೂರನ್ನೂ ಸೇರಿಸಿ ಕೊಡಬಹುದು. 2013ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಈ ಅಗ್ಗದ ಮೂರು ಮಾತ್ರೆಗಳ ಜೋಡಿ, ಎಟನರ್ಸೆಪ್ಟ್ ಎಂಬ ಬಯಾಲಜಿಕ್ (ಜೀವಕೋಶಗಳಿಂದ ತಯಾರಿಸುವ ದುಬಾರಿ ಔಷಧ) ಇಂಜೆಕ್ಷನ್ ಸೇರಿಸಿದ ಚಿಕಿತ್ಸೆಗೆ ಕಡಿಮೆಯೇನೂ ಆಗಲಿಲ್ಲ. ಅಡಿಕೆ ಬೆಲೆ, ಮಳೆ ನೋಡಿಕೊಂಡು ಬದುಕುವ ಚನ್ನಗಿರಿ, ಹೊಸದುರ್ಗದ ಮನೆಗಳಿಗೆ ಇದು ದೊಡ್ಡ ಸಮಾಧಾನ ಅಲ್ವಾ?

ಬಯಾಲಜಿಕ್ ಇಂಜೆಕ್ಷನ್‌ಗಳು ನಿಜಕ್ಕೂ ಬೇಕಾಗುವವರು ಇದ್ದಾರೆ, ಅವರ ಬದುಕನ್ನೇ ಅವು ಬದಲಿಸಿವೆ. ಆದರೆ ಖರ್ಚು ತಿಂಗಳಿಗೆ ಸಾವಿರಗಟ್ಟಲೆ. ಒಳಗೆ ಮಲಗಿರುವ ಟಿಬಿಯನ್ನು ಎಬ್ಬಿಸುವ ಅಪಾಯವೂ ಇದೆ. ಟಿಬಿ ಪರೀಕ್ಷೆ ಮಾಡದೆ ಯಾರೂ ಶುರು ಮಾಡಬಾರದು. ಟೊಫಾಸಿಟಿನಿಬ್‌ನಂಥ ಮಾತ್ರೆಗಳು ಇಂಜೆಕ್ಷನ್‌ಗಿಂತ ಅಗ್ಗ, ನುಂಗಲೂ ಸುಲಭ. ಅದಕ್ಕೂ ಟಿಬಿ ಪರೀಕ್ಷೆ ಬೇಕು. 65 ದಾಟಿದವರು, ಬೀಡಿ ಸಿಗರೇಟು ಸೇದುವವರು, ಹೃದಯದ ತೊಂದರೆ ಇರುವವರು ಎರಡು ಸಲ ಯೋಚಿಸಬೇಕು. ಅಂಥವರಲ್ಲಿ ಹೃದಯಾಘಾತ, ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು.

ಆಯುಷ್ಮಾನ್ ಕಾರ್ಡಿನಲ್ಲಿ ಏನು ಸಿಗುತ್ತದೆ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ. ಜನೌಷಧಿ ಕೇಂದ್ರದಲ್ಲೂ ವಿಚಾರಿಸಿ.

ನಾಟಿ ಔಷಧಿ, ಪಥ್ಯ, ಎಣ್ಣೆ

ಬಿಸಿನೀರಿನಲ್ಲಿ ಕೈ ಅದ್ದುವುದು, ಹಗುರವಾಗಿ ಎಣ್ಣೆ ತಿಕ್ಕುವುದು ಹಿತ ಕೊಡುತ್ತದೆ, ಮಾಡಿ. ಫಿಸಿಯೊಥೆರಪಿ ವ್ಯಾಯಾಮ ಬಿಡಬೇಡಿ. ಬರೆ ಹಾಕಿಸುವುದು ಮಾತ್ರ ಬೇಡವೇ ಬೇಡ. ಬದನೆಕಾಯಿ, ಹುಳಿ ಬಿಟ್ಟರೆ ವಾಸಿಯಾಗುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ತಂಬಾಕು ಬಿಟ್ಟರೆ ಖಂಡಿತ ಲಾಭ. ಸ್ಟೆರಾಯ್ಡ್ ತೆಗೆದುಕೊಳ್ಳುವವರಿಗೆ ರಾಗಿ, ಹಾಲು ಒಳ್ಳೆಯದು, ಕ್ಯಾಲ್ಸಿಯಂ ಬೇಕು.

ಆಯುರ್ವೇದದ ಕಡೆ ಹೋಗುವುದಾದರೆ ಡಿಗ್ರಿ ಇರುವ ವೈದ್ಯರ ಬಳಿ ಹೋಗಿ, ಎರಡೂ ಕಡೆಯವರಿಗೆ ಏನೇನು ತೆಗೆದುಕೊಳ್ಳುತ್ತಿದ್ದೀರಿ ಎಂದು ತಿಳಿಸಿ. ಲೇಬಲ್ ಇಲ್ಲದ ಪುಡಿ ಪೊಟ್ಟಣದ ಬಗ್ಗೆ ಮಾತ್ರ ನನಗೆ ತುಂಬಾ ಆತಂಕ. ಎರಡೇ ದಿನದಲ್ಲಿ ಎಲ್ಲ ನೋವು ಮಾಯವಾಗಿ, ಹಸಿವು ಹೆಚ್ಚಿ, ಮುಖ ದುಂಡಗಾದರೆ ಅದರಲ್ಲಿ ಸ್ಟೆರಾಯ್ಡ್ ಬೆರೆತಿರುವ ಸಾಧ್ಯತೆ ಇದೆ. ಪೊಟ್ಟಣ ಬಿಸಾಡಬೇಡಿ, ಡಾಕ್ಟರಿಗೆ ಒಯ್ದು ತೋರಿಸಿ.

ಮಾತ್ರೆ ಎಂದು ನಿಲ್ಲಿಸಬಹುದು?

ಎಲ್ಲರೂ ಕೇಳುವ ಪ್ರಶ್ನೆ ಇದು. ಕಾಯಿಲೆ ಬುಡಸಮೇತ ಹೋಗುವುದಿಲ್ಲ, ಆದರೆ ಪೂರ್ತಿ ಅಡಗಿ ಕೂರಬಹುದು. ಹಾಗೆ ಅಡಗಿದ ಸ್ಥಿತಿ ಕನಿಷ್ಠ ಆರು ತಿಂಗಳು ಉಳಿದರೆ ಔಷಧ ಇಳಿಸುವ ಮಾತು ತೆಗೆಯಬಹುದು. ಮೊದಲು ಹೋಗಬೇಕಾದ್ದು ಸ್ಟೆರಾಯ್ಡ್. ಆಮೇಲೆ ಬಯಾಲಜಿಕ್ ಇದ್ದರೆ ಅದರ ಅಂತರ ಹೆಚ್ಚಿಸುತ್ತಾರೆ. ಮೆಥೊಟ್ರೆಕ್ಸೇಟ್ ಇಳಿಸುವುದು ಕೊನೆಗೆ, ಅದೂ ಸ್ವಲ್ಪ ಸ್ವಲ್ಪವೇ. ಪೂರ್ತಿ ನಿಲ್ಲಿಸಿದವರಲ್ಲಿ ಬಹಳ ಮಂದಿಗೆ ಊತ ಮರಳುತ್ತದೆ. ಇಳಿಸುವಾಗ ಬೆಳಗಿನ ಬಿಗಿತ ಮತ್ತೆ ಅರ್ಧ ಗಂಟೆ ದಾಟಿದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯದೆ ಫೋನ್ ಮಾಡಿ, ಹಳೆಯ ಡೋಸ್‌ಗೆ ಮರಳಬೇಕಾ ಎಂದು ಕೇಳಿ.