ಫ್ರೀ ಫ್ಲೋ ಸೈಲೆನ್ಸರ್ ಹಾಕಿದ ಮೇಲಿನ ಪಟಪಟ ಸದ್ದು, ಜರ್ಕ್: ಸರಿಯಾದ ಬಗೆ

650 ಸಿಸಿ ಟ್ವಿನ್ (ಎರಡು ಸಿಲಿಂಡರಿನ) ಬೈಕಿಗೆ ಹೊಗೆ ಸಲೀಸಾಗಿ ಬಿಡುವ ಫ್ರೀ ಫ್ಲೋ ಸೈಲೆನ್ಸರ್ ಹಾಕಿದ ಮೇಲೆ ಥ್ರಾಟಲ್ ಬಿಟ್ಟಾಗ ಪಟಪಟ ಸದ್ದು, ಕಡಿಮೆ ಆರ್‌ಪಿಎಂನಲ್ಲಿ ಜರ್ಕ್. ಟ್ಯೂನರ್ (ಪೆಟ್ರೋಲ್ ಪ್ರಮಾಣ ಬದಲಿಸುವ ಸಾಧನ) ಮುಟ್ಟುವ ಮೊದಲು ಲೀಕ್ ನೋಡಿ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಪೈಪಿನ ಜಾಯಿಂಟ್‌ಗಳಿಗೆ ಸೋಪಿನ ನೀರು ಹಾಕಿ. ಇಲ್ಲಿ ಬೆಂಡ್ ಪೈಪ್ (ಎಂಜಿನ್ನಿನಿಂದ ಬರುವ ಪೈಪ್) ಸೈಲೆನ್ಸರಿಗೆ ಸೇರುವಲ್ಲೇ ಗುಳ್ಳೆ ಎದ್ದಿತು; ಗ್ಯಾಸ್ಕೆಟ್ ಬದಲಿಸಿ ಕ್ಲಾಂಪ್ ಬಿಗಿ ಮಾಡಿದ್ದಕ್ಕೇ ಸದ್ದು ಬಹುಪಾಲು ನಿಂತಿತು. ಲೀಕಿನಿಂದ ಒಳಗೆ ಗಾಳಿ ಎಳೆದರೆ ಪೈಪಿನಲ್ಲಿ ಉಳಿದ ಪೆಟ್ರೋಲ್ ಅಲ್ಲೇ ಹೊತ್ತಿಕೊಳ್ಳುತ್ತದೆ.

ಉಳಿದ ಜರ್ಕ್ ಲೀನ್ ಮಿಶ್ರಣದ್ದು, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ. ಬ್ಯಾಟರಿ ನೆಗೆಟಿವ್ ಬಿಚ್ಚಿ, ಟ್ಯೂನರನ್ನು ಇಂಜೆಕ್ಟರ್‌ಗಳ ಜೊತೆ ಎರಡೂ ಆಕ್ಸಿಜನ್ ಸೆನ್ಸರಿಗೂ ಸೇರಿಸಿದೆ. ಬರೀ ಇಂಜೆಕ್ಟರ್ ಕಪ್ಲರ್ ಹಾಕಿದರೆ ದುಡ್ಡು ದಂಡ: ಒಂದೇ ವೇಗದಲ್ಲಿ ಹೋಗುವಾಗ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಆಕ್ಸಿಜನ್ ಸೆನ್ಸರಿನಿಂದ ಹೆಚ್ಚಿನ ಪೆಟ್ರೋಲ್ ಗುರುತಿಸಿ ಗಾಳಿ-ಪೆಟ್ರೋಲ್ ಅನುಪಾತವನ್ನು ಮತ್ತೆ 14.7:1ಕ್ಕೇ ತರುತ್ತದೆ. ಒಂದೊಂದೇ ಮ್ಯಾಪ್ (ಟ್ಯೂನರಿನ ಪೆಟ್ರೋಲ್ ಸೆಟ್ಟಿಂಗ್) ಏರಿಸುತ್ತಾ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ತಿಳಿ ಕಂದು ಕಂಡಲ್ಲಿ ನಿಲ್ಲಿಸಿ. ಕಪ್ಪು ಮಸಿ ಕೂತಿದ್ದರೆ ಪೆಟ್ರೋಲ್ ಜಾಸ್ತಿಯಾಗಿದೆ, ಒಂದು ಮ್ಯಾಪ್ ಇಳಿಸಿ.