ರೇಸ್ ಮುಗಿಸಿದ ಕುದುರೆಯನ್ನು ತೋಟದಲ್ಲಿ ಸಾಕುವ ಬಗೆ

ಬೆಂಗಳೂರಿನಲ್ಲಾಗಲಿ ಮೈಸೂರಿನಲ್ಲಾಗಲಿ ರೇಸಿಗೆ ಓಡುವ ಥರೋಬ್ರೆಡ್ ತಳಿಯ ಕುದುರೆ ಎರಡು ಅಥವಾ ಮೂರನೆಯ ವಯಸ್ಸಿಗೇ ಓಟಕ್ಕೆ ಇಳಿಯುತ್ತದೆ. ಬಹುಪಾಲು ಕುದುರೆಗಳ ಓಟ ಆರೇಳು ವರ್ಷ ತುಂಬುವುದರೊಳಗೆ ಮುಗಿದಿರುತ್ತದೆ. ಆಯುಸ್ಸಾದರೋ ಇಪ್ಪತ್ತೈದು ವರ್ಷ, ಚೆನ್ನಾಗಿ ನೋಡಿಕೊಂಡರೆ ಇನ್ನೂ ಹೆಚ್ಚು. ಒಳ್ಳೆಯ ವಂಶದ ಹೆಣ್ಣು ಕುದುರೆಗಳು ಮರಿ ಹಾಕಲು ಸ್ಟಡ್ ಫಾರ್ಮಿಗೆ ಹೋಗುತ್ತವೆ, ಬೆರಳೆಣಿಕೆಯ ಗಂಡುಗಳು ಬೀಜದ ಕುದುರೆಗಳಾಗುತ್ತವೆ. ಉಳಿದವು, ಅದರಲ್ಲೂ ಬೀಜ ಒಡೆಸಿದ ಗಂಡುಗಳು, ಸವಾರಿ ಶಾಲೆಗೋ ಪೊಲೀಸ್ ಪಡೆಗೋ ಸೇರಿದರೆ ಅದೃಷ್ಟ. ಇಲ್ಲವಾದರೆ ಕೈಯಿಂದ ಕೈಗೆ ಮಾರಾಟವಾಗುತ್ತ ಮದುವೆ ಮೆರವಣಿಗೆ, ಸಾರೋಟುಗಳ ಪಾಲಾಗುತ್ತವೆ. ಗೆದ್ದ ಕುದುರೆಗೂ ಇದರಿಂದ ರಕ್ಷಣೆಯಿಲ್ಲ. ಅಮೆರಿಕದ ಹೆಸರಾಂತ ರೇಸಾದ ಕೆಂಟಕಿ ಡರ್ಬಿಯನ್ನು 1986ರಲ್ಲಿ ಗೆದ್ದ ಫರ್ಡಿನಾಂಡ್ ಎಂಬ ಕುದುರೆ 2002ರಲ್ಲಿ ಜಪಾನಿನ ಕಸಾಯಿಖಾನೆಯಲ್ಲಿ ಸತ್ತಿತು. ಆದ್ದರಿಂದ ಇಂಥ ಕುದುರೆಯನ್ನು ತೋಟಕ್ಕೆ ತರಬೇಕೆನ್ನುವವರು ಸವಾರಿಯ ಆಸೆಯನ್ನು ಬದಿಗಿಟ್ಟು, ಮುಂದಿನ ಇಪ್ಪತ್ತು ವರ್ಷ ಇದಕ್ಕೆ ಹುಲ್ಲು ಹಾಕಬಲ್ಲೆನೇ ಎಂದು ಮೊದಲು ಲೆಕ್ಕ ಹಾಕಬೇಕು. ಪುಕ್ಕಟೆಯಾಗಿ ಸಿಕ್ಕ ಕುದುರೆಯೂ ದುಡ್ಡು ಕೊಟ್ಟು ತಂದ ಕುದುರೆಯಷ್ಟೇ ತಿನ್ನುತ್ತದೆ.

ಒಪ್ಪಿಕೊಳ್ಳುವ ಮುನ್ನ ಕಾಗದಪತ್ರ ನೋಡಿ. ಈ ತಳಿಯ ವಂಶಾವಳಿ ದಾಖಲಿಸುವ ಪುಣೆಯ ಸ್ಟಡ್ ಬುಕ್ ಪ್ರಾಧಿಕಾರ ಕೊಡುವ ಪಾಸ್‌ಪೋರ್ಟಿನಲ್ಲಿ ಕುದುರೆಯ ಬಣ್ಣ, ಹಣೆಯ ಬೊಟ್ಟು, ಕಾಲಿನ ಬಿಳುಪು ಮತ್ತು ಸುಳಿಗಳ ವಿವರವಿರುತ್ತದೆ. ಎದುರಿಗಿರುವ ಪ್ರಾಣಿಯೊಂದಿಗೆ ಅವನ್ನು ಒಂದೊಂದಾಗಿ ಹೋಲಿಸಿ. ನಮ್ಮ ಹಿರಿಯರು ಸುಳಿ ನೋಡುತ್ತಿದ್ದದ್ದು ಶುಭ ಅಶುಭಕ್ಕಾಗಿ, ಇಲ್ಲಿ ನೋಡುವುದು ಗುರುತಿಗಾಗಿ. ಗ್ಲಾಂಡರ್ಸ್ ರೋಗದ ರಕ್ತಪರೀಕ್ಷೆಯ ವರದಿಯಿಲ್ಲದೆ ಯಾವ ಕುದುರೆಯನ್ನೂ ಒಳಗೆ ಬಿಟ್ಟುಕೊಳ್ಳಬೇಡಿ. ಅದು ಮನುಷ್ಯರಿಗೂ ಅಂಟುವ ರೋಗ, ಖಚಿತವಾದರೆ ಕಾನೂನಿನಂತೆ ಕುದುರೆಯನ್ನು ಕೊಲ್ಲಲೇಬೇಕಾಗುತ್ತದೆ.

ಕಾಲುಗಳನ್ನು ಬೆಳಗಿನ ಹೊತ್ತು, ವ್ಯಾಯಾಮಕ್ಕೂ ನೀರು ಹೊಯ್ಯುವುದಕ್ಕೂ ಮೊದಲು ಪರೀಕ್ಷಿಸಿ. ಮುಂಗಾಲಿನ ಮಂಡಿಯ ಕೆಳಗೆ ಹಿಂಬದಿಯಲ್ಲಿ ಹಗ್ಗದಂತೆ ಇಳಿದಿರುವ ಸ್ನಾಯುರಜ್ಜುವನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿದು, ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಸವರಿ, ಎರಡೂ ಕಾಲುಗಳನ್ನು ಹೋಲಿಸಿ. ಒಂದು ಕಡೆ ಬಿಸಿ ತಾಗಿದರೆ, ಹಿಂಭಾಗ ಬಿಲ್ಲಿನಂತೆ ಉಬ್ಬಿದ್ದರೆ, ಒತ್ತಿದಾಗ ಕುದುರೆ ಕಾಲು ಕಿತ್ತುಕೊಂಡರೆ ಅಲ್ಲಿ ಪೆಟ್ಟಾಗಿದೆ ಎಂದೇ ತಿಳಿಯಬೇಕು. ಅದು ವಾಸಿಯಾಗಲು ಒಂಬತ್ತು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ. ಕಾಲು ಸವರಿ ನೋಡಿದ ಮೇಲೆ ಗಟ್ಟಿ ನೆಲದ ಮೇಲೆ ಸಣ್ಣ ಓಟದಲ್ಲಿ (ಟ್ರಾಟ್) ಓಡಿಸಿ ನೋಡಿ: ಮುಂಗಾಲು ನೋಯುತ್ತಿದ್ದರೆ ಆ ಕಾಲು ನೆಲಕ್ಕೆ ತಾಗುವ ಪ್ರತಿ ಸಲವೂ ತಲೆ ಮೇಲಕ್ಕೆ ಹೋಗುತ್ತದೆ. ಕಾಲು ಕೆಟ್ಟ ಕುದುರೆಯನ್ನು ತರಬಾರದೆಂದು ನಾನು ಹೇಳುತ್ತಿಲ್ಲ, ಹುಲ್ಲುಗಾವಲಿನಲ್ಲಿ ಅದು ಸುಖವಾಗಿಯೇ ಬದುಕುತ್ತದೆ. ತಿಳಿದು ತನ್ನಿ ಎನ್ನುತ್ತಿದ್ದೇನೆ.

ಜಾಗದ ವಿಷಯದಲ್ಲಿ ನಮ್ಮ ಕಡೆಯ ದೊಡ್ಡ ಶತ್ರು ಎಂದರೆ ಕಲ್ಲುಕಂಬ ನೆಟ್ಟು ಎಳೆದ ಮುಳ್ಳುತಂತಿ. ಬೆದರಿದ ಥರೋಬ್ರೆಡ್ ಬೇಲಿಯನ್ನು ನೋಡುವುದಿಲ್ಲ, ಅದರ ಚರ್ಮವೂ ತೆಳು. ಮರದ ಅಡ್ಡಪಟ್ಟಿಯನ್ನೋ ಕಣ್ಣಿಗೆ ಕಾಣುವ ಅಗಲವಾದ ಪಟ್ಟಿಯನ್ನೋ ಹಾಕಿ. ಒಂಟಿಯಾಗಿ ಕಟ್ಟಬೇಡಿ; ಇನ್ನೊಂದು ಕುದುರೆಯನ್ನು ಸಾಕಲಾಗದಿದ್ದರೆ ಒಂದು ಹಸು ಅಥವಾ ಎರಡು ಮೇಕೆಗಳಾದರೂ ಕಣ್ಣೆದುರಿಗಿರಲಿ.

ಹೆಚ್ಚಿನ ತಪ್ಪುಗಳಾಗುವುದು ಮೇವಿನಲ್ಲಿ. ರೇಸಿನ ಲಾಯದಲ್ಲಿ ಕುದುರೆಗೆ ದಿನಕ್ಕೆ ಹಲವು ಕಿಲೋ ಓಟ್ಸ್ ಮತ್ತು ಕಾಳು ಸಿಗುತ್ತಿರುತ್ತದೆ, ಹುಲ್ಲು ಕಡಿಮೆ. ಕುದುರೆಯ ಜಠರ ಚಿಕ್ಕದು, ಆದರೆ ಅದರಲ್ಲಿ ಆಮ್ಲ ಹಗಲೂ ರಾತ್ರಿ ಒಸರುತ್ತಲೇ ಇರುತ್ತದೆ. ಹುಲ್ಲಿಲ್ಲದೆ ಖಾಲಿ ಬಿದ್ದರೆ ಹುಣ್ಣಾಗುತ್ತದೆ. ರೇಸಿನಿಂದ ಬಂದ ಬಹಳಷ್ಟು ಕುದುರೆಗಳಿಗೆ ಈ ಹುಣ್ಣು ಇದ್ದೇ ಇರುತ್ತದೆ. ಹಾಗೆಂದು ಬಂದ ದಿನವೇ ಕಾಳು ನಿಲ್ಲಿಸಿದರೆ ಕರುಳು ಕೆಡುತ್ತದೆ. ಲಾಯದಲ್ಲಿ ಕುದುರೆ ನೋಡಿಕೊಳ್ಳುವ ಸೈಸನನ್ನು ಕೇಳಿ ಅದೇ ತಿಂಡಿಯನ್ನು ಒಂದು ಮೂಟೆ ತಂದು, ಹತ್ತರಿಂದ ಹದಿನಾಲ್ಕು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತ ಒಣಹುಲ್ಲನ್ನು ಏರಿಸಿ. ಸುಮಾರು 450 ಕಿಲೋ ತೂಗುವ ಕುದುರೆಗೆ ದಿನಕ್ಕೆ ಎಂಟರಿಂದ ಹತ್ತು ಕಿಲೋ ಒಳ್ಳೆಯ ಒಣಹುಲ್ಲು ಬೇಕು. ಜೊತೆಗೆ ಒಂದಿಷ್ಟು ಕುದುರೆ ಮೆಂತೆ (ಲೂಸರ್ನ್ ಮೇವು), ನೆನೆಸಿ ಬೇಯಿಸಿದ ಹುರುಳಿ ಒಂದೆರಡು ಹಿಡಿ. ನೀರು ಸದಾ ಇರಲಿ, ಬೇಸಿಗೆಯಲ್ಲಿ 40 ಲೀಟರಿಗೂ ಹೆಚ್ಚು ಕುಡಿಯುತ್ತದೆ. ಭತ್ತದ ಹುಲ್ಲು ಹಾಸಲು ಸಾಕು, ಅದನ್ನೇ ನಂಬಿ ಹೊಟ್ಟೆ ತುಂಬಿಸಬೇಡಿ. ಹೈನು ಸಾಕಿದವರಿಗೆ ಬೂಸಾ ಮತ್ತು ನೇಪಿಯರ್ ಹುಲ್ಲು ಕೈಗೆ ಸುಲಭ, ಆದರೆ ಬೂಸಾದಲ್ಲಿ ರಂಜಕ ಅತಿಯಾಗಿದೆ, ನೇಪಿಯರಿನ ಆಕ್ಸಲೇಟು ಸುಣ್ಣದಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ. ಇವೆರಡನ್ನೇ ತಿಂಗಳುಗಟ್ಟಲೆ ತಿನ್ನಿಸಿದರೆ ಮೂಳೆ ಸಡಿಲವಾಗಿ ಮುಖದ ಎಲುಬು ಊದಿಕೊಳ್ಳುತ್ತದೆ. ಹಸುವಿನ ಅಥವಾ ಕೋಳಿಯ ಸಿದ್ಧ ಆಹಾರವನ್ನಂತೂ ಮುಟ್ಟಿಸಲೇಬೇಡಿ. ಅವುಗಳಲ್ಲಿ ಕೆಲವಕ್ಕೆ ಸೇರಿಸುವ ಮೊನೆನ್ಸಿನ್ ಎಂಬ ಔಷಧ ದನಕ್ಕೆ ಒಗ್ಗುತ್ತದೆ, ಕುದುರೆಯ ಹೃದಯವನ್ನು ಕೊಲ್ಲುತ್ತದೆ.

ಕುದುರೆ ನೆಲ ಕೆರೆಯುತ್ತ ಮತ್ತೆ ಮತ್ತೆ ಪಕ್ಕೆಯನ್ನು ತಿರುಗಿ ನೋಡಿದರೆ, ಲದ್ದಿ ನಿಂತರೆ, ಮಲಗಿ ಹೊರಳಾಡಿದರೆ ಅದು ಹೊಟ್ಟೆಶೂಲೆ. ಮೇವು ತೆಗೆದುಬಿಡಿ, ವೈದ್ಯರನ್ನು ಕರೆಸಿ, ಅವರು ಬರುವವರೆಗೆ ನಿಧಾನವಾಗಿ ನಡೆಸಿ. ಕುದುರೆ ವಾಂತಿ ಮಾಡಿಕೊಳ್ಳಲಾರದು; ಅದಕ್ಕೇ ಈ ನೋವು ಇಷ್ಟು ಅಪಾಯದ್ದು. ಹಳ್ಳಿಯಲ್ಲಿ ಯಾರಾದರೂ ಗೊಟ್ಟ (ಔಷಧಿ ಕುಡಿಸುವ ಬಿದಿರಿನ ಕೊಳವೆ) ಹಿಡಿದು ಎಣ್ಣೆ ಕುಡಿಸಲು ಬಂದರೆ ಕೈ ಮುಗಿದು ಕಳುಹಿಸಿ. ದನಕ್ಕೆ ನಡೆಯುವ ಆ ಉಪಾಯದಲ್ಲಿ ಎಣ್ಣೆ ಕುದುರೆಯ ಶ್ವಾಸಕೋಶ ಸೇರಿದರೆ ಮತ್ತೆ ಉಳಿಸಿಕೊಳ್ಳುವುದು ಕಷ್ಟ.

ಮೊದಲ ಎರಡು ಮೂರು ತಿಂಗಳು ಜೀನು ಹಾಕಬೇಡಿ. ನಾನು ತಂದ ಮೊದಲ ಕುದುರೆ ವಾರಗಟ್ಟಲೆ ಬೆಳಗಿನ ಜಾವ ನಾಲ್ಕಕ್ಕೇ ಬಾಗಿಲಿಗೆ ಎದೆಯೊತ್ತಿ ನಿಂತು ಕೆನೆಯುತ್ತಿತ್ತು. ಅದರ ಪಾಲಿಗೆ ಅದು ಟ್ರ್ಯಾಕಿಗೆ ಹೋಗುವ ಹೊತ್ತು. ಬಯಲಿಗೆ ಬಿಟ್ಟರೆ ತಲೆ ತಗ್ಗಿಸಿ ಮೇಯುವುದು ಬಿಟ್ಟು ಬೇಲಿಯುದ್ದಕ್ಕೂ ಅತ್ತಿಂದಿತ್ತ ನಡೆದು ದಾರಿಯನ್ನೇ ಸವೆಸಿತ್ತು. ಇಂಥ ಕುದುರೆಯನ್ನು ಮೊದಲ ದಿನ ಅರ್ಧ ಗಂಟೆ, ಹಗ್ಗ ಹಿಡಿದುಕೊಂಡೇ ಹೊರಗೆ ಮೇಯಿಸಿ, ದಿನದಿನಕ್ಕೆ ಹೊತ್ತನ್ನು ಹೆಚ್ಚಿಸುತ್ತ ಹೋಗಬೇಕು. ಮೈಮೇಲಿನ ಬಿಗಿಯಾದ ಮಾಂಸಖಂಡ ಈ ಹಂತದಲ್ಲಿ ಕರಗಿ ಕುದುರೆ ಬಡಕಲಾಗಿ ಕಾಣುತ್ತದೆ. ಗಾಬರಿಯಾಗಿ ಕಾಳು ಸುರಿಯಬೇಡಿ.

ಲಾಳವನ್ನು ಐದಾರು ವಾರಕ್ಕೊಮ್ಮೆ ಬಿಚ್ಚಿ ಗೊರಸು ಕತ್ತರಿಸಬೇಕು. ಈ ತಳಿಯ ಗೊರಸಿನ ತಳ ತೆಳುವಾದ್ದರಿಂದ, ನಿಮ್ಮದು ಕಲ್ಲು ನೆಲವಾದರೆ ಲಾಳವಿಲ್ಲದೆ ಬಿಡುವ ಆತುರ ಬೇಡ. ವರ್ಷಕ್ಕೊಮ್ಮೆ ಹಲ್ಲಿನ ಮೊನೆ ಉಜ್ಜಿಸುವುದು, ಧನುರ್ವಾಯುವಿನ ಲಸಿಕೆ, ವೈದ್ಯರು ಹೇಳಿದಂತೆ ಜಂತಿನ ಔಷಧಿ ತಪ್ಪಬಾರದು. ಮಳೆಗಾಲದಲ್ಲಿ ಮತ್ತು ಅದರ ಬೆನ್ನಿಗೇ ಕಚ್ಚುವ ದೊಡ್ಡ ನೊಣಗಳಿಂದ ಸರ್ರಾ ರೋಗ ಹರಡುತ್ತದೆ. ಬಂದು ಹೋಗಿ ಮಾಡುವ ಜ್ವರ, ಹೊಟ್ಟೆಯ ಕೆಳಗೆ ಊತ, ತಿಂದರೂ ಸೊರಗುವ ಮೈ ಕಂಡರೆ ರಕ್ತಪರೀಕ್ಷೆ ಮಾಡಿಸಿ.

ಸವಾರಿ ಕಲಿಸುವಾಗ ಅದು ಈಗಾಗಲೇ ಕಲಿತಿರುವುದೇನೆಂಬುದು ನೆನಪಿರಲಿ. ಲಗಾಮು ಬಿಗಿಯಾದಷ್ಟೂ ಅದಕ್ಕೆ ಒರಗಿಕೊಂಡು ಜೋರಾಗಿ ಓಡಬೇಕೆಂದು ಅದಕ್ಕೆ ಗೊತ್ತು, ಆದ್ದರಿಂದ ಹೆದರಿ ಲಗಾಮು ಜಗ್ಗಿದ ಹೊಸ ಸವಾರ ತನಗರಿವಿಲ್ಲದೆಯೇ ವೇಗದ ಆಜ್ಞೆ ಕೊಟ್ಟಿರುತ್ತಾನೆ. ಹತ್ತುವಾಗ ಕದಲದೆ ನಿಲ್ಲುವುದು, ಸವಾರನ ಕಾಲಿನ ಒತ್ತಡಕ್ಕೆ ಪಕ್ಕಕ್ಕೆ ಸರಿಯುವುದು ಅದಕ್ಕೆ ಹೊಸ ಪಾಠಗಳು. ಮೊದಲು ಉದ್ದ ಹಗ್ಗದಲ್ಲಿ ಎರಡೂ ದಿಕ್ಕಿಗೆ ಸುತ್ತಿಸಿ, ಮಾತಿನಿಂದಲೇ ನಿಲ್ಲುವುದನ್ನು ಕಲಿಸಿ. ಮೊದಲ ಸವಾರಿಗೆ ನೇರವಾದ ಮಣ್ಣಿನ ದಾರಿಯನ್ನು ಆರಿಸಬೇಡಿ. ತಿರುವುಗಳಿರುವ ಚಿಕ್ಕ ಅಂಗಳವೇ ಲೇಸು.

ನಿಮ್ಮಿಂದ ಸಾಕಲಾಗದಿದ್ದರೆ ಕುದುರೆ ಯಾರಿಗೆ ಹಿಂತಿರುಗಬೇಕೆಂಬುದನ್ನು ಕೊಟ್ಟವರೊಂದಿಗೆ ತರುವ ದಿನವೇ ಬರೆಸಿಟ್ಟುಕೊಳ್ಳಿ. ಕೊನೆಗಾಲದಲ್ಲಿ ನೋವು ತಡೆಯಲಾಗದಂತಾದರೆ ವೈದ್ಯರಿಂದ ಇಂಜೆಕ್ಷನ್ ಕೊಡಿಸುವುದನ್ನು ಮುಂದೂಡಬೇಡಿ; ಆ ಔಷಧಿ ದೇಹದಲ್ಲೇ ಉಳಿಯುವುದರಿಂದ ನಾಯಿ, ಹದ್ದುಗಳು ತಿನ್ನದಂತೆ ಆಳವಾಗಿ ಹೂಳಬೇಕು. ಜೆಸಿಬಿ ಹೋಗುವಷ್ಟು ದಾರಿಯಿರುವ, ಬಾವಿ ಮತ್ತು ಬೋರ್‌ವೆಲ್ಲಿನಿಂದ ದೂರದ ಒಂದು ಮೂಲೆಯನ್ನು ಅದಕ್ಕೆಂದು ಈಗಲೇ ಗುರುತಿಸಿಡಿ.