ಪುಟ್ಟ ಟ್ರೇಲರ್ ಮನೆ: ಕೊಳ್ಳುವುದು ಸುಲಭ, ಭಾರ ಕೂರಿಸುವುದು ಕಷ್ಟ

ಕಳೆದ ಬೇಸಿಗೆಯಲ್ಲಿ ಕುರುಗೋಡಿನ ಪರಿಚಯದವರೊಬ್ಬರು ಫೋನ್ ಮಾಡಿದರು. "ಸಾರ್, ಒಂದು ಟ್ರೇಲರ್ ತಂದೀನಿ, ಒಂದ್ಸಲ ಬಂದು ನೋಡ್ರಿ." ಹೋದೆ. ಅಂಗಳದಲ್ಲಿ ಹೊಸ ಬಿಳಿ ಪೇಂಟ್ ಬಳಿದ ಪುಟ್ಟ ಮನೆ ನಿಂತಿತ್ತು. ಒಳಗೆ ಇಬ್ಬರಿಗೆ ಹಾಸಿಗೆ, ಕಿಟಕಿಗೆ ಹೂವಿನ ಪರದೆ. ಬಾಗಿಲ ಹತ್ತಿರ ಕಾಲಿಟ್ಟರೆ ನೆಲ ಮೆತ್ತಗೆ ಒಳಗೆ ಹೋಗುತ್ತಿತ್ತು. ಹಿಂಬದಿಗೆ ಎರಡು ನೀರಿನ ಕ್ಯಾನ್ ಇಡುವ ಸ್ಟ್ಯಾಂಡ್ ವೆಲ್ಡ್ ಮಾಡಿದ್ದರು. ಆರ್‌ಸಿ ಇರಲಿಲ್ಲ. ದುಡ್ಡು ಕೊಟ್ಟಾಗಿತ್ತು.

ಎರಡು ವರ್ಷದಲ್ಲಿ ಹೀಗೆ ಕರೆದವರಲ್ಲಿ ಇವರು ಮೂರನೆಯವರು. ಮೂವರೂ ಕರೆದದ್ದು ದುಡ್ಡು ಕೊಟ್ಟ ಮೇಲೆಯೇ. ನೀವು ಕೊಡುವ ಮುಂಚೆ ಇದನ್ನು ಓದಿ.

ನಾನು ಹೇಳುತ್ತಿರುವುದು ಬಸ್ಸಿನಂಥ ದೊಡ್ಡ ಕ್ಯಾರವಾನ್ ವಿಷಯವಲ್ಲ. ಜೀಪಿನ ಹಿಂದೆ ಕಟ್ಟಿಕೊಂಡು ಹೋಗುವ ಹತ್ತು-ಹನ್ನೆರಡು ಅಡಿಯ ಡಬ್ಬಿ. ಇಬ್ಬರು ಮಲಗಬಹುದು, ಒಂದು ಒಲೆ ಇಡಬಹುದು, ಅಷ್ಟೇ. ಅಮೆರಿಕದಲ್ಲಿ 1930ರ ದಶಕದಲ್ಲೇ ಜನ ಪತ್ರಿಕೆಯಲ್ಲಿ ಬಂದ ನಕ್ಷೆ ನೋಡಿಕೊಂಡು ಹಿತ್ತಲಲ್ಲಿ ನೀರಹನಿ ಆಕಾರದ ಟ್ರೇಲರ್ ಮಾಡಿಕೊಳ್ಳುತ್ತಿದ್ದರು. 1968ರಲ್ಲಿ ಕೆನಡಾದ ವಿನಿಪೆಗ್‌ನಲ್ಲಿ ರೇ ಒಲೆಕೊ ಎಂಬಾತ ಬೋಲರ್ ಅನ್ನುವ 13 ಅಡಿಯ ಫೈಬರ್ ಟ್ರೇಲರ್ ತಂದ. ಅದಕ್ಕೂ ಮುಂಚೆ ಆತ ಕೈಹಾಕಿದ್ದು ಫೈಬರ್ ಸೆಪ್ಟಿಕ್ ಟ್ಯಾಂಕಿಗೆ! ಮೇಲೊಂದು ಚಿಪ್ಪು, ಕೆಳಗೊಂದು ಚಿಪ್ಪು, ನಡುವೆ ಒಂದೇ ಕೂಡು. ಕೂಡು ಕಡಿಮೆಯಾದಷ್ಟೂ ಸೋರುವುದು ಕಡಿಮೆ. ನಮ್ಮ ಕಡೆ ಸಿಗುವವು ಹಾಗಲ್ಲ. ಟ್ರ್ಯಾಕ್ಟರ್ ಟ್ರೇಲರ್ ಮಾಡುವ ಶೆಡ್ಡಿನಲ್ಲೇ ವೆಲ್ಡ್ ಮಾಡಿದ ಕಬ್ಬಿಣದ ಚೌಕಟ್ಟು, ಒಳಗೆ ಪ್ಲೈವುಡ್, ಹೊರಗೆ ತಗಡು. ಗಟ್ಟಿ ಇರುತ್ತವೆ. ಭಾರವೂ ಹಾಗೇ. ಕೂಡುಗಳಿಗಂತೂ ಲೆಕ್ಕವಿಲ್ಲ.

ಹಾಗಂತ ಇದೇನೂ ನಮಗೆ ಹೊಸದಲ್ಲ ಬಿಡಿ. ನಮ್ಮಜ್ಜನ ಸವಾರಿ ಬಂಡಿಗೆ ಬಿದಿರಿನ ಕಮಾನು ಇತ್ತು. ಒಳಗೆ ಹುಲ್ಲು ಹಾಸಿ ಮೇಲೆ ಜಮಖಾನ. ಕಂಪ್ಲಿಯಿಂದ ಹುಲಿಗೆಮ್ಮನ ಜಾತ್ರೆಗೆ ಹೊರಟರೆ ರಾತ್ರಿ ಅದರಲ್ಲೇ ನಿದ್ದೆ, ಬೆಳಿಗ್ಗೆ ಹೊಳೆದಂಡೆಯಲ್ಲಿ ಅದರ ನೆರಳಲ್ಲೇ ರೊಟ್ಟಿ, ಶೇಂಗಾ ಚಟ್ನಿ. ಆ ಬಂಡಿಯ ಮಾತು ಮುಂದೆ ಮತ್ತೆ ಬರುತ್ತದೆ.

1. ಮೊದಲು ಕಾಗದ

1988ರ ಮೋಟಾರು ವಾಹನ ಕಾಯ್ದೆಯ ಲೆಕ್ಕದಲ್ಲಿ ಟ್ರೇಲರ್ ಕೂಡ ಮೋಟಾರು ವಾಹನವೇ. ಎಂಜಿನ್ ಇಲ್ಲದಿದ್ದರೂ ಅದಕ್ಕೆ ಅದರದೇ ನಂಬರು, ಅದರದೇ ಆರ್‌ಸಿ ಬೇಕು. ಮಾರುವವರಿಂದ ಹೆಸರು ಬದಲಾವಣೆಯ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಳ್ಳಿ. ಗಾಡಿ ಆಂಧ್ರ, ತೆಲಂಗಾಣದ್ದಾದರೆ ಫಾರಂ 28ರ ಎನ್‌ಒಸಿಯೂ ಬೇಕು. "ಕಾಗದ ಆಮೇಲೆ ಮಾಡಿಸಿಕೊಡ್ತೀನಿ" ಅಂದರೆ ಚಹಾ ಕುಡಿದು ಎದ್ದು ಬನ್ನಿ.

2. ಸೋರುತ್ತದೆಯೇ ನೋಡಿ

ಹೊಸ ಪೇಂಟ್ ಕಂಡರೆ ಅನುಮಾನ ಪಡಿ. ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಒಂದು ನಿಮಿಷ ಸುಮ್ನೆ ಕೂತುಕೊಳ್ಳಿ. ಒದ್ದೆ ಗೋಣಿಚೀಲದ ವಾಸನೆ ಬಂದರೆ ನೀರು ಎಲ್ಲೋ ಇಳಿದಿದೆ ಎಂದೇ ಅರ್ಥ. ನಾಲ್ಕೂ ಮೂಲೆಯಲ್ಲಿ, ಕಿಟಕಿಯ ಕೆಳಗೆ, ಬಾಗಿಲ ಹೊಸ್ತಿಲಲ್ಲಿ ಹೆಬ್ಬೆರಳಿನಿಂದ ಒತ್ತಿ. ಪ್ಲೈವುಡ್ ಬಿಸ್ಕತ್ತಿನಂತೆ ಒಳಗೆ ಹೋದರೆ ನೆಲವನ್ನೇ ಬಿಚ್ಚಬೇಕಾಗುತ್ತದೆ. ಆಮೇಲೆ ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಲಿ, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ಹತ್ತು ನಿಮಿಷ ನೀರು ಬಿಡಲಿ. ಮಾರುವವರು ಇದಕ್ಕೆ ಒಪ್ಪದಿದ್ದರೆ ನಿಮಗೆ ಉತ್ತರ ಸಿಕ್ಕ ಹಾಗೆ.

ರಿಪೇರಿಯಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ: ಹಳೆಯ ಸಿಲಿಕಾನ್ ಮೇಲೆ ಹೊಸ ಸಿಲಿಕಾನ್ ಬಳಿಯುವುದು. ಅದು ಅಂಟುವುದಿಲ್ಲ. ಕಲ್ಲಿನ ಹಾಗೆ ಗಟ್ಟಿಯಾಗುವ ಎಪಾಕ್ಸಿ ಮುದ್ದೆ ಇನ್ನೂ ಕೆಟ್ಟದ್ದು. ರಾಯಚೂರಿನ ಏಪ್ರಿಲ್ ಬಿಸಿಲಿಗೆ ತಗಡು ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಗಟ್ಟಿ ಮುದ್ದೆ ಅದರ ಜೊತೆ ಹಿಗ್ಗದೆ ಸೀಳು ಬಿಡುತ್ತದೆ. ಹಳೆಯದನ್ನೆಲ್ಲ ಕೆರೆದು ತೆಗೆಯಿರಿ. ಕೂಡು ಮುಚ್ಚುವ ಪಟ್ಟಿಯ ಕೆಳಗೆ ಬ್ಯುಟೈಲ್ ಟೇಪ್, ಅಂದರೆ ಅಂಟುವ ರಬ್ಬರಿನ ಟೇಪ್, ಹಾಕಿ ಸ್ಕ್ರೂ ಬಿಗಿಯಿರಿ. ಆ ಟೇಪ್ ವರ್ಷಗಟ್ಟಲೆ ಮೆತ್ತಗೇ ಇರುತ್ತದೆ. ಅಂಗಡಿಯವರು "ಎಲ್ಲಾ ಒಂದೇ ಸಾರ್" ಅಂತ ಬೇರೇನೋ ಕೊಡುತ್ತಾರೆ. ಒಂದೇ ಅಲ್ಲ.

3. ಗಾಲಿ

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಆರು ವರ್ಷ ದಾಟಿದ್ದರೆ ಬಟನ್ ಎಷ್ಟೇ ಇರಲಿ, ಬದಲಾಯಿಸಿ. ಟ್ರೇಲರ್ ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ. ಅದರ ಟೈರು ಸವೆಯುವ ಮುಂಚೆ ಬಿಸಿಲಿಗೆ ಒಣಗಿ ಬಿರಿಯುತ್ತದೆ. ಬೇರಿಂಗ್ ಪರೀಕ್ಷೆಗೆ ಗಾಲಿ ಎತ್ತಿ ತಿರುಗಿಸಿ ಕಿವಿಗೊಡಿ. ಕೊಂಡ ಮೇಲೆ ಮೊದಲ ಮೂವತ್ತು ಕಿಲೋಮೀಟರಿಗೆ ನಿಲ್ಲಿಸಿ ಗಾಲಿಯ ನಡುವೆ ಕೈ ಇಡಿ. ಇಡಲಾಗದಷ್ಟು ಬಿಸಿಯಾಗಿದ್ದರೆ ಗ್ರೀಸ್ ಇಲ್ಲ ಅಥವಾ ಬೇರಿಂಗ್ ಹೋಗಿದೆ. ಅಜ್ಜ ಪ್ರತಿ ಊರಿನ ಅಗಸೆಯಲ್ಲಿ ಬಂಡಿ ನಿಲ್ಲಿಸಿ ಕೀಲೆಣ್ಣೆ ಹಾಕುತ್ತಿದ್ದದ್ದು ಸುಮ್ನೆ ಅಲ್ಲ.

4. ಕೊಂಡಿ

ಟ್ರ್ಯಾಕ್ಟರಿನ ಪಿನ್ನು-ತೂತಿನ ಕೊಂಡಿಯನ್ನು ಜೀಪಿಗೆ ಹಾಕಿಸಬೇಡಿ. ಶೆಡ್ಡಿನವರು ಅದನ್ನೇ ಹಾಕುತ್ತಾರೆ, ಅವರ ಹತ್ತಿರ ಇರುವುದೇ ಅದು. ಪ್ರತಿ ಗುಂಡಿಗೂ ಕಟಕಟ ಎಂದು ಬಡಿಯುತ್ತದೆ. ಗುಂಡು ಮತ್ತು ಅದರ ಮೇಲೆ ಕೂರುವ ಟೊಪ್ಪಿಗೆ ಇರುವ ಕೊಂಡಿಯೇ ಬೇಕು. ಗುಂಡು, ಟೊಪ್ಪಿಗೆ ಎರಡೂ ಒಂದೇ ಅಳತೆಯವಿರಲಿ. ಸಿಕ್ಕಿಸಿದ ಮೇಲೆ ಟ್ರೇಲರಿನ ಮುಂದಿನ ಜಾಕನ್ನು ನಾಲ್ಕು ಸುತ್ತು ಎತ್ತಿ ನೋಡಿ. ಜೀಪಿನ ಹಿಂಭಾಗವೂ ಜೊತೆಗೆ ಎದ್ದರೆ ಸರಿಯಾಗಿ ಕೂತಿದೆ. ಟೊಪ್ಪಿಗೆ ಕಳಚಿ ಬಂದರೆ? ಅಂಗಳದಲ್ಲೇ ಕಳಚಿತಲ್ಲ ಅಂತ ಹುಲಿಗೆಮ್ಮನಿಗೆ ಕೈ ಮುಗಿಯಿರಿ. ಎರಡು ಸರಪಳಿಗಳನ್ನು ಕೆಳಗಿನಿಂದ ಕತ್ತರಿಯಾಕಾರದಲ್ಲಿ ಹಾಕಿ, ಕೊಂಡಿ ಬಿಟ್ಟರೂ ಮೂಗು ರಸ್ತೆಗೆ ಬೀಳದೆ ಅದರ ಮೇಲೆ ಕೂರುತ್ತದೆ. ಲೈಟು ಹತ್ತದಿದ್ದರೆ ಮೊದಲು ಅರ್ತ್ ವೈರ್ ನೋಡಿ.

5. ಭಾರ ಕೂರಿಸುವುದು

ಇದನ್ನು ನಿಧಾನಕ್ಕೆ ಓದಿ. ಎಲ್ಲರೂ ಕೆಡುವುದು ಇಲ್ಲೇ, ನಾನೂ ಕೆಟ್ಟದ್ದು ಇಲ್ಲೇ.

ಮೊದಲ ಸಲ ಹೊರಟಾಗ ನಾನು ತುಂಬಿದ್ದು ಬಾಗಿಲ ಲೆಕ್ಕದಲ್ಲಿ. ಬಾಗಿಲು ಹಿಂದಿತ್ತು, ಹಾಗಾಗಿ ಎಲ್ಲಾ ಹಿಂದೆ. ಇಪ್ಪತ್ತು ಲೀಟರಿನ ಎರಡು ಕ್ಯಾನ್, ಒಲೆ, ಚಿಕ್ಕ ಸಿಲಿಂಡರ್, ಪಾತ್ರೆ. ತೋರಣಗಲ್ಲು ದಾಟಿ ಕುಡತಿನಿ ಕಡೆಗೆ ಎಪ್ಪತ್ತರಲ್ಲಿ ಹೋಗುತ್ತಿದ್ದೆ. ಅದಿರಿನ ಲಾರಿಯೊಂದು ಪಕ್ಕದಲ್ಲಿ ದಾಟಿತು. ಅದರ ಗಾಳಿಗೆ ಟ್ರೇಲರ್ ಒಂದು ಸಲ ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಮತ್ತೆ ಎಡಕ್ಕೆ, ಪ್ರತಿ ಸಲವೂ ಇನ್ನಷ್ಟು ದೂರ. ಹಾವು ಬಾಲ ಬಡಿದ ಹಾಗೆ. ಸ್ಟಿಯರಿಂಗ್ ನನ್ನ ಮಾತು ಕೇಳಲಿಲ್ಲ. ಪಕ್ಕದಲ್ಲಿ ನಮ್ಮ ಮನೆಯವರು ಡ್ಯಾಶ್‌ಬೋರ್ಡ್ ಹಿಡಿದುಕೊಂಡು ಮಾತೇ ಆಡಲಿಲ್ಲ, ಅದೇ ಜಾಸ್ತಿ ಹೆದರಿಸಿತು. ಪುಣ್ಯಕ್ಕೆ ಮುಂದೆ ಏರು ಇತ್ತು, ವೇಗ ತಾನಾಗೇ ಇಳಿಯಿತು.

ಮನೆಗೆ ಬಂದ ಮೇಲೆ ಅಜ್ಜನ ಮಾತು ನೆನಪಾಯಿತು. ಬಂಡಿಗೆ ಚೀಲ ಹೇರುವಾಗ ಆತ ಕೂಗುತ್ತಿದ್ದ: "ಹಿಂಭಾರ ಆತು, ಒಂದು ಚೀಲ ಮುಂದಕ್ಕ ಎಳಿರೋ!" ಹಿಂಭಾರವಾದರೆ ನೊಗ ಮೇಲೇಳುತ್ತದೆ, ಕೊರಳ ಹಗ್ಗ ಎತ್ತಿನ ಗಂಟಲು ಹಿಡಿಯುತ್ತದೆ. ಜಾಸ್ತಿ ಮುಂಭಾರವಾದರೆ ಹೆಗಲು ಹುಣ್ಣಾಗುತ್ತದೆ. ಸ್ವಲ್ಪ ಮುಂಭಾರ ಇರಬೇಕು. ಜೀಪಿಗೂ ಇದೇ ಲೆಕ್ಕ. ಎತ್ತು ಗೊರಗೊರ ಅಂದು ಹೇಳುತ್ತಿತ್ತು, ಜೀಪು ಹೇಳುವುದಿಲ್ಲ. ಅದಕ್ಕೆ ನಾವೇ ತೂಗಬೇಕು.

ಎಷ್ಟು ಮುಂಭಾರ? ತುಂಬಿದ ಟ್ರೇಲರಿನ ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಕೊಂಡಿಯ ಮೇಲೆ ಕೂರಬೇಕು. ನನ್ನದು ತುಂಬಿದಾಗ 640 ಕೆ.ಜಿ. ಅಂದರೆ 64ರಿಂದ 96 ಕೆ.ಜಿ. ನಮ್ಮ ಕಡೆಯ 75 ಕೆ.ಜಿ.ಯ ಒಂದು ಭತ್ತದ ಚೀಲ ಕೊಂಡಿಯ ಮೇಲೆ ಕೂತ ಹಾಗೆ ಅಂದುಕೊಳ್ಳಿ.

ಒಟ್ಟು ತೂಕಕ್ಕೆ ರೈಸ್ ಮಿಲ್ ಹತ್ತಿರದ ಲಾರಿ ಕಾಟಾಕ್ಕೆ ಹೋಗಿ. ಖಾಲಿ ಡಬ್ಬಿ ಒಯ್ಯಬೇಡಿ. ಊರಿಗೆ ಹೊರಡುವ ದಿನ ಹೇಗೆ ತುಂಬುತ್ತೀರೋ ಹಾಗೇ ತುಂಬಿ, ನೀರೂ ಸೇರಿ. ಜೀಪು ಬಿಡಿಸಿ ಟ್ರೇಲರ್ ಒಂದನ್ನೇ ಕಾಟಾದ ಮೇಲೆ ನಿಲ್ಲಿಸಿ. ಕಾಟಾದ ಹುಡುಗ ನನ್ನನ್ನು ನೋಡಿ ನಕ್ಕ: "ಅಣ್ಣಾ, ಇದರಾಗ ಭತ್ತ ಎಲ್ಲೈತಿ?" ನಗಲಿ ಬಿಡಿ.

ಕೊಂಡಿಯ ತೂಕ ಬೇರೆ. ಕಿರಾಣಿ ಅಂಗಡಿಯ ಚೀಲ ತೂಗುವ ಯಂತ್ರ ಅರ್ಧ ಗಂಟೆಗೆ ಕೇಳಿ ತನ್ನಿ. ಸಪಾಟು ನೆಲ ನೋಡಿ, ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಯಂತ್ರದ ಮೇಲೆ ಮರದ ತುಂಡು ನಿಲ್ಲಿಸಿ, ಟೊಪ್ಪಿಗೆಯ ಕೆಳಗೇ ಸರಿಯಾಗಿ ಬರುವ ಹಾಗೆ ಜಾಕ್ ಇಳಿಸಿ. ಎತ್ತರ ಜೀಪಿನ ಗುಂಡಿನಷ್ಟೇ ಇರಲಿ. ಮೂಗು ಮೇಲೆ ಕೆಳಗೆ ಆದರೆ ಲೆಕ್ಕ ತಪ್ಪುತ್ತದೆ. ಕೆಲವರು ಸುಲಭ ಅಂತ ಜಾಕಿನ ಚಿಕ್ಕ ಗಾಲಿಯನ್ನೇ ಯಂತ್ರದ ಮೇಲಿಡುತ್ತಾರೆ. ಆ ಗಾಲಿ ಕೊಂಡಿಗಿಂತ ಹಿಂದಿರುತ್ತದೆ, ಹಾಗಾಗಿ ತೂಕ ಜಾಸ್ತಿ ತೋರಿಸುತ್ತದೆ. ನೀವು ಸರಿಯಿದೆ ಅಂದುಕೊಂಡು ಹೊರಟುಬಿಡುತ್ತೀರಿ.

ಅವತ್ತು ನನ್ನ ಕೊಂಡಿಯ ತೂಕ 28 ಕೆ.ಜಿ. ಬಂತು. ನೂರಕ್ಕೆ ಐದೂ ಇಲ್ಲ.

ಈಗ ಸಾಮಾನು ಸರಿಸುವ ಲೆಕ್ಕ. ನನ್ನ ಟ್ರೇಲರಿನಲ್ಲಿ ಗಾಲಿಯ ಅಚ್ಚಿನಿಂದ (ಆಕ್ಸಲ್) ಕೊಂಡಿಗೆ ಎರಡೂವರೆ ಮೀಟರ್. ನೀರಿನ ಕ್ಯಾನ್ ಇದ್ದದ್ದು ಅಚ್ಚಿನ ಹಿಂದೆ ಒಂದೂವರೆ ಮೀಟರ್ ದೂರದಲ್ಲಿ. 20 ಕೆ.ಜಿ.ಯ ಆ ಒಂದೊಂದು ಕ್ಯಾನೂ ಕೊಂಡಿಯಿಂದ 12 ಕೆ.ಜಿ. ಎತ್ತಿಹಾಕುತ್ತಿತ್ತು. ಅದೇ ಕ್ಯಾನನ್ನು ಅಚ್ಚಿನ ಮುಂದೆ ಅರ್ಧ ಮೀಟರಿಗೆ ಇಟ್ಟರೆ 4 ಕೆ.ಜಿ. ಕೂಡುತ್ತದೆ. ಅಂದರೆ ಒಂದು ಕ್ಯಾನಿಗೆ 16ರ ವ್ಯತ್ಯಾಸ, ಎರಡಕ್ಕೆ 32. ಒಲೆ, ಸಿಲಿಂಡರ್, ಪಾತ್ರೆ ಸೇರಿ 25 ಕೆ.ಜಿ. ಅವನ್ನೂ ಅಷ್ಟೇ ದೂರ ಮುಂದೆ ತಂದೆ, ಇನ್ನೂ 20 ಕೂಡಿತು. 28 ಇದ್ದದ್ದು 80 ಆಯಿತು. ಒಂದು ಸಾಮಾನೂ ಕಡಿಮೆ ಮಾಡಲಿಲ್ಲ, ಒಂದು ಪೈಸೆ ಖರ್ಚಿಲ್ಲ.

ಹಿಂದಿನ ತೂಕವನ್ನು ಹಾಗೇ ಬಿಟ್ಟು ಮುಂದೆ ಎರಡು ಕಲ್ಲು ಇಡುವ ಜಾಣರೂ ಇದ್ದಾರೆ. ಬೇಡ. ಎರಡೂ ತುದಿಗೆ ಭಾರವಿದ್ದರೆ ಕೊಂಡಿಯ ತೂಕ ಸರಿ ಕಾಣುತ್ತದೆ, ಓಲಾಟ ಶುರುವಾದರೆ ನಿಲ್ಲುವುದು ಮಾತ್ರ ತಡ. ಭಾರದ್ದೆಲ್ಲ ಅಚ್ಚಿನ ಹತ್ತಿರ, ಒಂದು ಗೇಣು ಮುಂದೆ, ನೆಲಕ್ಕೆ ತಾಗಿ ಇರಲಿ. ಹಾಗೆಂದು ನೂರಕ್ಕೆ ಇಪ್ಪತ್ತು ಕೊಂಡಿಗೆ ಹೇರಿದರೆ ಜೀಪಿನ ಬೆನ್ನು ಬಾಗುತ್ತದೆ, ಮುಂದಿನ ಗಾಲಿಯ ಹಿಡಿತ ಹೋಗುತ್ತದೆ, ಹೆಡ್‌ಲೈಟ್ ಆಕಾಶ ನೋಡುತ್ತದೆ. ನಿಮ್ಮ ಗಾಡಿಯ ಪುಸ್ತಕದಲ್ಲಿ ಎಷ್ಟು ಎಳೆಯಬಹುದು ಎಂದು ಬರೆದಿರುತ್ತಾರೆ. ಎಳೆಯಲೇಬಾರದು ಎಂದು ಬರೆದಿದ್ದರೆ ಆ ಗಾಡಿಗೆ ಕೊಂಡಿ ಹಾಕಿಸಬೇಡಿ.

ಮುಗಿದ ಮೇಲೆ ಒಳಗೆ ನೆಲದ ಮೇಲೆ ಕೆಂಪು ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ. ನೀರು ಈ ಗೆರೆಯ ಹಿಂದೆ ಹೋಗಬಾರದು, ಅಷ್ಟೇ.

6. ರಸ್ತೆಗೆ

ಅರವತ್ತು ದಾಟಬೇಡಿ. ಆಷಾಢದ ಗಾಳಿಯಲ್ಲಿ ಕೊಪ್ಪಳದ ಬಯಲಿಗೆ ಐವತ್ತೇ ಸಾಕು. ಓಲಾಟ ಶುರುವಾದರೆ ಬ್ರೇಕ್ ತುಳಿಯಬೇಡಿ, ಸ್ಟಿಯರಿಂಗ್‌ನಲ್ಲಿ ಜಗಳವಾಡಬೇಡಿ. ನೇರ ಹಿಡಿದು ಆಕ್ಸಿಲರೇಟರ್ ಬಿಡಿ. ಓಡುವಾಗ ಒಳಗೆ ಯಾರೂ ಕೂರಬಾರದು, ಮಕ್ಕಳು ಎಷ್ಟೇ ಹಟ ಮಾಡಲಿ. ಸಿಲಿಂಡರಿನ ವಾಲ್ವ್ ಮುಚ್ಚಿರಲಿ. ರಿವರ್ಸ್‌ಗೆ ಒಂದೇ ಗುಟ್ಟು: ಸ್ಟಿಯರಿಂಗ್‌ನ ಕೆಳಭಾಗದಲ್ಲಿ ಕೈ ಇಟ್ಟು, ಟ್ರೇಲರಿನ ಹಿಂಭಾಗ ಯಾವ ಕಡೆ ಹೋಗಬೇಕೋ ಕೈಯನ್ನು ಆ ಕಡೆ ಸರಿಸಿ. ಖಾಲಿ ಮೈದಾನದಲ್ಲಿ ಒಂದು ಭಾನುವಾರ ಕಳೆದರೆ ಬರುತ್ತದೆ.

ನಿಲ್ಲಿಸಲು ರೈತರನ್ನು ಕೇಳಿ ಹೊಲದ ಬದುವಿನ ಬೇವಿನ ಮರ ಹಿಡಿಯುವುದು ನನಗಿಷ್ಟ. ಮಳೆಗಾಲದಲ್ಲಿ ತುಂಗಭದ್ರಾ ಡ್ಯಾಮಿನ ಕೆಳಗಿನ ಹೊಳೆದಂಡೆ ಬೇಡವೇ ಬೇಡ. 2024ರ ಆಗಸ್ಟ್‌ನಲ್ಲಿ 19ನೇ ಗೇಟಿನ ಚೈನ್ ತುಂಡಾದದ್ದು ರಾತ್ರಿ ಹೊತ್ತಿನಲ್ಲಿ.

7. ಮಾರುವಾಗ

ಮಾರಾಟವೂ ಕೊಂಡ ದಿನದ ಕಾಗದಗಳಿಂದಲೇ ಶುರು. ಆರ್‌ಸಿ ಕೈ ಬದಲಾಗುವವರೆಗೆ ಗಾಡಿ ಕೊಡಬೇಡಿ. ನನ್ನ ಮೊದಲ ಟ್ರೇಲರನ್ನು ಸಿಂಧನೂರಿನ ದಂಪತಿ ಕೊಂಡರು. ಪರದೆ, ಹಾಸಿಗೆ ನೋಡಿ ಮೆಚ್ಚಿದರು. ಆಮೇಲೆ ಆ ತಾಯಿ ನೆಲದ ಕೆಂಪು ಗೆರೆ ತೋರಿಸಿ ಕೇಳಿದರು: "ಇದೇನ್ರೀ, ಪೇಂಟ್ ಚೆಲ್ಲಿದ್ದಾ?"

ತೂಗುವ ಯಂತ್ರ ತರಲು ಕಿರಾಣಿ ಅಂಗಡಿಗೆ ಹೋದೆ.